ಹಳೆಯ ಲೇತ್‌ನ ಬುಲ್ ಗಿಯರ್‌ನಲ್ಲಿ ಒಂದು ಹಲ್ಲು ಮುರಿದಿದೆ: ಸರಿಪಡಿಸುವುದು ಹೇಗೆ?

ಪ್ರಶ್ನೆ

ಈಚೆಗೆ ನನ್ನ ಕೈಗೆ ಬಂದ ಹಳೆಯ ಸೆಂಟರ್ ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಒಂದರಲ್ಲಿ, ಸ್ಪಿಂಡಲ್ ಎಂಬ ತಿರುಗುವ ಮುಖ್ಯ ದಂಡದ ಮೇಲೆ ಕೂತಿರುವ ಬುಲ್ ಗಿಯರ್ ಎಂಬ ದೊಡ್ಡ ಹಲ್ಲುಚಕ್ರದ ಒಂದು ಹಲ್ಲು ಬುಡಸಮೇತ ಹಾರಿಹೋಗಿದೆ. ಇದು ಚಪ್ಪಟೆ ಬೆಲ್ಟ್ ಮತ್ತು ಸ್ಟೆಪ್ ಪುಲ್ಲಿ ಇರುವ ಯಂತ್ರ. ನೇರ ಚಾಲನೆಯಲ್ಲಿ ಪುಲ್ಲಿಯನ್ನೂ ಬುಲ್ ಗಿಯರನ್ನೂ ಒಂದು ಪಿನ್ ಜೋಡಿಸುತ್ತದೆ. ನಿಧಾನ ವೇಗ ಬೇಕಾದಾಗ ಆ ಪಿನ್ ಹೊರಗೆಳೆದು, ಹಿಂದಿರುವ ಬ್ಯಾಕ್ ಗಿಯರ್ ದಂಡವನ್ನು ಮುಂದಕ್ಕೆ ತಂದು ಕೂಡಿಸಬೇಕು. ನೇರ ಚಾಲನೆಯಲ್ಲಿ ಯಂತ್ರ ಚೆನ್ನಾಗಿಯೇ ಓಡುತ್ತದೆ. ಬ್ಯಾಕ್ ಗಿಯರ್ ಕೂಡಿಸಿದ ಕೂಡಲೇ ಸ್ಪಿಂಡಲ್‌ನ ಪ್ರತಿ ಸುತ್ತಿಗೂ ಒಮ್ಮೆ 'ಟಕ್' ಎಂಬ ಹೊಡೆತ ಕೇಳಿಸುತ್ತದೆ, ಮತ್ತು ದೊಡ್ಡ ವ್ಯಾಸದ ಬಿಲ್ಲೆಯ ಮುಖ ತಿರುಗಿಸುವಾಗ ಅದೇ ಜಾಗದಲ್ಲಿ ಒಂದು ಗುರುತು ಬೀಳುತ್ತದೆ.

ನಾನು ಅಳೆದು ಬರೆದುಕೊಂಡಿರುವ ವಿವರಗಳು ಹೀಗಿವೆ. ಗಿಯರ್‌ಗೆ ಒಟ್ಟು 60 ಹಲ್ಲುಗಳು, ಹೊರ ವ್ಯಾಸ 157.4 ಮಿ.ಮೀ., ಹಲ್ಲಿನ ಅಗಲ 25 ಮಿ.ಮೀ., ಹಲ್ಲಿನ ಬುಡದಿಂದ ಒಳಕ್ಕೆ ಅಂಚಿನ ದಪ್ಪ ಸುಮಾರು 14 ಮಿ.ಮೀ. ಅದರೊಡನೆ ಕೂಡುವ ಚಿಕ್ಕ ಪಿನಿಯನ್‌ಗೆ 20 ಹಲ್ಲುಗಳಿವೆ. ಮೋಟಾರ್ 0.75 ಕಿಲೋವ್ಯಾಟ್‌ನದು, ಬ್ಯಾಕ್ ಗಿಯರ್‌ನಲ್ಲಿ ಸ್ಪಿಂಡಲ್‌ನ ಅತಿ ಕಡಿಮೆ ವೇಗ ನಿಮಿಷಕ್ಕೆ 40 ಸುತ್ತು. ಈ ಮಾದರಿಯ ಬಿಡಿಭಾಗಗಳು ಈಗ ತಯಾರಾಗುತ್ತಿಲ್ಲ.

ಇದನ್ನು ಮಾಡ್ಯೂಲ್ (ಹಲ್ಲಿನ ಗಾತ್ರದ ಮೆಟ್ರಿಕ್ ಅಳತೆ) 2.5ರ ಗಿಯರ್ ಎಂದು ತಿಳಿಯಬಹುದೇ? ಹಿತ್ತಾಳೆ ಬ್ರೇಜಿಂಗ್ (ಹಿತ್ತಾಳೆ ಕಡ್ಡಿ ಕರಗಿಸಿ ಬೆಸೆಯುವುದು) ಮಾಡಿ ಹಲ್ಲನ್ನು ಕಟ್ಟುವುದು ಒಳ್ಳೆಯದೋ, ಬುಡದಲ್ಲಿ ತೂತು ಕೊರೆದು ಸ್ಟಡ್‌ಗಳನ್ನು ಕೂರಿಸಿ ಅರದಿಂದ ರೂಪ ಕೊಡುವುದು ಒಳ್ಳೆಯದೋ, ಅಥವಾ ಬೇರೆ ದಾರಿಯಿದೆಯೋ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ. ನನ್ನ ಬಳಿ ಮಿಲ್ಲಿಂಗ್ ಯಂತ್ರವಿಲ್ಲ.

ಉತ್ತರ 1

ಇದು ಮಾಡ್ಯೂಲ್ 2.5ರ ಗಿಯರ್ ಅಲ್ಲ. ಹೊರ ವ್ಯಾಸವನ್ನು ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ 157.4 ಭಾಗಿಸು 62, ಅಂದರೆ 2.539. ಮಾಡ್ಯೂಲ್ 2.5 ಆಗಿದ್ದರೆ ಹೊರ ವ್ಯಾಸ ಸರಿಯಾಗಿ 155 ಮಿ.ಮೀ. ಬರಬೇಕಿತ್ತು. ಇಂಚಿನ ಪದ್ಧತಿಯ ಡಯಾಮೆಟ್ರಲ್ ಪಿಚ್ (ಪಿಚ್ ವ್ಯಾಸದ ಪ್ರತಿ ಇಂಚಿಗೆ ಬರುವ ಹಲ್ಲುಗಳ ಸಂಖ್ಯೆ) 10 ಎಂದರೆ 25.4 ಭಾಗಿಸು 10, ಅಂದರೆ ಮಾಡ್ಯೂಲ್ ಲೆಕ್ಕದಲ್ಲಿ 2.54. ನಿಮ್ಮ ಗಿಯರ್ ಅದೇ. ವ್ಯತ್ಯಾಸ ಸಣ್ಣದಾಗಿ ಕಂಡರೂ, ಮಾಡ್ಯೂಲ್ 2.5ರ ಕಟರ್‌ನಿಂದ ಕತ್ತರಿಸಿದ ಹಲ್ಲು ಇಲ್ಲಿ ಸರಿಯಾಗಿ ಕೂಡುವುದಿಲ್ಲ.

ಇನ್ನೊಂದು ಅಳತೆಯೂ ಬೇಕು, ಅದು ಪ್ರೆಷರ್ ಆಂಗಲ್, ಅಂದರೆ ಹಲ್ಲಿನ ಮೈಯ ಓರೆಯನ್ನು ನಿರ್ಧರಿಸುವ ಕೋನ. ಹಳೆಯ ಇಂಚಿನ ಯಂತ್ರಗಳಲ್ಲಿ 14.5 ಡಿಗ್ರಿ ಸಾಮಾನ್ಯ, ಈಚಿನವುಗಳಲ್ಲಿ 20 ಡಿಗ್ರಿ. ಕಣ್ಣಳತೆಯಲ್ಲಿ ಇದನ್ನು ನಿರ್ಧರಿಸಲು ಹೋಗಬೇಡಿ. ವರ್ನಿಯರ್ ಕ್ಯಾಲಿಪರ್‌ನ ದವಡೆಗಳ ನಡುವೆ ಮೊದಲು 5 ಹಲ್ಲುಗಳನ್ನು ಹಿಡಿದು ಅಳೆಯಿರಿ, ಬಳಿಕ 6 ಹಲ್ಲುಗಳನ್ನು ಹಿಡಿದು ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸ 7.72 ಮಿ.ಮೀ. ಸುಮಾರಿಗೆ ಬಂದರೆ 14.5 ಡಿಗ್ರಿ, 7.50 ಮಿ.ಮೀ. ಸುಮಾರಿಗೆ ಬಂದರೆ 20 ಡಿಗ್ರಿ. ಹಲ್ಲುಗಳು ಸವೆದಿದ್ದರೂ ಈ ವ್ಯತ್ಯಾಸ ಹೆಚ್ಚು ಕೆಡುವುದಿಲ್ಲ, ಏಕೆಂದರೆ ಸವೆತ ಎರಡೂ ಅಳತೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಸೇರಿಕೊಂಡು ಕಳೆಯುವಾಗ ಹೊರಟುಹೋಗುತ್ತದೆ.

ವಿಧಾನವನ್ನು ಆರಿಸುವ ಮೊದಲು ಗಿಯರ್ ಯಾವ ಲೋಹದ್ದೆಂದು ಖಚಿತಪಡಿಸಿಕೊಳ್ಳಿ. ಅಯಸ್ಕಾಂತ ಹಿಡಿಯದಿದ್ದರೆ ಅದು ಸತುವಿನ ಮಿಶ್ರಲೋಹ ಇರಬಹುದು. ಅಮೆರಿಕದ ಅಟ್ಲಾಸ್ ಲೇತ್‌ಗಳ ಚೇಂಜ್ ಗಿಯರ್‌ಗಳು ಅಂಥ ಜಮಕ್ ಲೋಹದವು. ಅದು 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗುವುದರಿಂದ ಬ್ರೇಜಿಂಗ್ ಜ್ವಾಲೆ ಹಿಡಿದರೆ ಇಡೀ ಗಿಯರ್ ಕೈತಪ್ಪುತ್ತದೆ. ಅಯಸ್ಕಾಂತ ಹಿಡಿದರೆ, ಕಾಣದ ಮೂಲೆಯಲ್ಲಿ ಅರದಿಂದ ಒಮ್ಮೆ ಉಜ್ಜಿ ನೋಡಿ: ಬೆರಳಿಗೆ ಕಪ್ಪು ಮಸಿಯಂಥ ಪುಡಿ ಅಂಟಿದರೆ ಎರಕದ ಕಬ್ಬಿಣ, ಹೊಳೆಯುವ ಸಣ್ಣ ಚೂರುಗಳು ಬಂದರೆ ಉಕ್ಕು.

ಅಕ್ಕಪಕ್ಕದ ಹಲ್ಲುಗಳ ಬುಡದಲ್ಲಿ ಬಿರುಕು ಇದೆಯೇ ಎಂಬುದನ್ನೂ ನೋಡಲೇಬೇಕು. ಗಿಯರನ್ನು ಚೆನ್ನಾಗಿ ತೊಳೆದು, ಬುಡಗಳಿಗೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೇಲಕ್ಕೆ ಬಂದು ಸುಣ್ಣದ ಮೇಲೆ ಗೆರೆಯಾಗಿ ಒದ್ದೆ ಮೂಡುತ್ತದೆ. ಹಾರಿಹೋದ ಹಲ್ಲಿನ ಚೂರು ಹೆಡ್‌ಸ್ಟಾಕ್ ಒಳಗೇ ಎಲ್ಲಾದರೂ ಉಳಿದಿದ್ದರೆ ಅದನ್ನೂ ಹುಡುಕಿ ತೆಗೆಯಿರಿ.

ಬುಲ್ ಗಿಯರ್ ಹಲ್ಲು ಮುರಿಯುವುದಕ್ಕೆ ಕಾರಣ ಬಹುಮಟ್ಟಿಗೆ ಒಂದೇ. ಸ್ಪಿಂಡಲ್‌ನ ಮರೆಗೆ (ಸ್ಕ್ರೂ ಥ್ರೆಡ್‌ಗೆ) ಬಿಗಿದು ಕೂತ ಚಕ್ (ಕೆಲಸದ ತುಂಡನ್ನು ಹಿಡಿಯುವ ಸಾಧನ) ಬಿಚ್ಚಲು, ಪಿನ್ ಹಾಕಿರುವಂತೆಯೇ ಬ್ಯಾಕ್ ಗಿಯರನ್ನೂ ಕೂಡಿಸಿ ಸ್ಪಿಂಡಲ್ ಅಲುಗದಂತೆ ಮಾಡಿ, ಬಳಿಕ ಚಕ್‌ಗೆ ಉದ್ದನೆಯ ಸಲಾಕೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆಯುತ್ತಾರೆ. ಆ ಹೊಡೆತವೆಲ್ಲ ಎರಕದ ಕಬ್ಬಿಣದ ಒಂದೆರಡು ಹಲ್ಲುಗಳ ಮೇಲೆ ಬೀಳುತ್ತದೆ. ಕತ್ತರಿಸುವ ಕೆಲಸದಲ್ಲಿ ಹೊರೆ ಮಿತಿಮೀರಿದರೆ ಚಪ್ಪಟೆ ಬೆಲ್ಟ್ ಜಾರಿ ಹಲ್ಲನ್ನು ಕಾಪಾಡುತ್ತದೆ. ಸುತ್ತಿಗೆಯ ಹೊಡೆತಕ್ಕೆ ಅಂಥ ರಕ್ಷಣೆ ಇಲ್ಲ. ಇನ್ನು ಮುಂದೆ ಚಕ್ ಬಿಚ್ಚುವಾಗ ಪಿನ್ ಮಾತ್ರ ಹಾಕಿ, ಬ್ಯಾಕ್ ಗಿಯರನ್ನು ಬಿಡಿಸಿಟ್ಟು, ಚಕ್‌ನ ದವಡೆಗೂ ಬೆಡ್‌ಗೂ ನಡುವೆ ಗಟ್ಟಿ ಮರದ ತುಂಡು ಕೊಟ್ಟು, ಪುಲ್ಲಿಯನ್ನು ಬೆಲ್ಟಿನಿಂದಲೋ ಪಟ್ಟಿ ಸುತ್ತಿಯೋ ಕೈಯಿಂದ ಹಿಂದಕ್ಕೆ ಎಳೆಯಿರಿ. ಆಗ ಬಲ ಪಿನ್ ಮೂಲಕ ಹೋಗುತ್ತದೆ, ಹಲ್ಲುಗಳ ಮೂಲಕ ಅಲ್ಲ.

ಉತ್ತರ 2

ನಾನು ಬ್ರೇಜಿಂಗ್ ಪಕ್ಷದವನು. ಎರಕದ ಕಬ್ಬಿಣದ ಗಿಯರ್‌ಗಳಿಗೆ ಹಿತ್ತಾಳೆ ಕಡ್ಡಿಯಿಂದ ಕಟ್ಟಿದ ಹಲ್ಲು ವರ್ಷಗಟ್ಟಲೆ ಬಾಳುವುದನ್ನು ನೋಡಿದ್ದೇನೆ. ಆದರೆ ಸಿದ್ಧತೆ ಸರಿಯಾಗಿರದಿದ್ದರೆ ಅದು ಒಂದು ವಾರವೂ ಉಳಿಯದು.

ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಪದರಗಳಿರುತ್ತವೆ. ಗ್ರೈಂಡರ್ ಹಿಡಿದಾಗ ಆ ಗ್ರಾಫೈಟ್ ಮೇಲ್ಮೈ ಮೇಲೆಲ್ಲ ಬಳಿದುಕೊಂಡು, ಕರಗಿದ ಹಿತ್ತಾಳೆ ಕಬ್ಬಿಣಕ್ಕೆ ಹರಡಿ ಅಂಟುವುದನ್ನು ತಡೆಯುತ್ತದೆ. ಆದ್ದರಿಂದ ಮುರಿದ ಜಾಗವನ್ನು ಗ್ರೈಂಡರ್‌ಗಿಂತ ಅರದಿಂದಲೇ ಶುಚಿ ಮಾಡುವುದು ಮೇಲು; ಅನಂತರ ಆಮ್ಲಜನಕ ಸ್ವಲ್ಪ ಹೆಚ್ಚಿರುವ ಜ್ವಾಲೆಯನ್ನು ಮೇಲ್ಮೈ ಮೇಲೆ ಆಡಿಸಿ ಗ್ರಾಫೈಟನ್ನು ಸುಡಬೇಕು. ಹಳೆಯ ಗಿಯರ್ ದಶಕಗಳ ಎಣ್ಣೆ ಕುಡಿದಿರುತ್ತದೆ, ಕಾಯಿಸಿದಾಗ ಅದು ಹೊರಗೆ ಬರುತ್ತಲೇ ಇರುತ್ತದೆ. ಹೊಗೆ ನಿಲ್ಲುವವರೆಗೂ ಕಾಯಬೇಕು. ಇಡೀ ಗಿಯರನ್ನು ಸಮನಾಗಿ ಕಾಯಿಸಿ, ಕೆಲಸದ ಜಾಗವನ್ನು ಮಂಕು ಕೆಂಪಿಗೆ ತಂದು, ಫ್ಲಕ್ಸ್ ಹಾಕಿ, ಮೊದಲು ತೆಳುವಾದ ಒಂದು ಪದರ ಹಿಡಿಸಿ, ಅದು ಎಲ್ಲೆಡೆ ಒದ್ದೆಯಂತೆ ಹರಡಿದ ಮೇಲೆಯೇ ಎತ್ತರ ಕಟ್ಟಬೇಕು. ಮುಗಿದ ಕೂಡಲೇ ಒಣಗಿದ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ರಾತ್ರಿಯಿಡೀ ತಣಿಯಲು ಬಿಡಬೇಕು. ಅವಸರದಲ್ಲಿ ತಣಿಸಿದ ಎರಕದ ಕಬ್ಬಿಣ ಬಿರಿಯುತ್ತದೆ.

ಕಡ್ಡಿಯಲ್ಲಿರುವ ಸತುವಿನ ಹೊಗೆ ಉಸಿರಿಗೆ ಹೋದರೆ ಚಳಿಜ್ವರ ಬರುತ್ತದೆ, ಆದ್ದರಿಂದ ಗಾಳಿಯಾಡುವಲ್ಲಿ ಕೆಲಸ ಮಾಡಿ. ಬೆಳ್ಳಿ ಬೆಸುಗೆ ಬಳಸುವುದಾದರೆ ಕ್ಯಾಡ್ಮಿಯಂ ಇಲ್ಲದ ಕಡ್ಡಿಯನ್ನೇ ಕೇಳಿ ತನ್ನಿ. ಹಳೆಯ ಕಡ್ಡಿಗಳಲ್ಲಿದ್ದ ಕ್ಯಾಡ್ಮಿಯಂ ಹೊಗೆ ಪ್ರಾಣಕ್ಕೇ ಅಪಾಯ.

ಉತ್ತರ 3

ಹಿಂದಿನ ಉತ್ತರದ ವಿವರಗಳು ಸರಿಯಾಗಿವೆ. ಆದರೆ ಇಲ್ಲಿ ಕೆಲಸ ಮಾಡಬೇಕಾಗಿರುವುದು ಸ್ಪಿಂಡಲ್ ಮೇಲೆ ಬಿಗಿಯಾಗಿ, ಸುತ್ತು ತಪ್ಪದೆ ಕೂರಬೇಕಾದ ಗಿಯರ್ ಮೇಲೆ. ಅದನ್ನು ಕೆಂಪಗೆ ಕಾಯಿಸಿದರೆ ನಡುವಿನ ರಂಧ್ರ ಅಳತೆ ತಪ್ಪುವ, ಅಂಚು ಸೊಟ್ಟಗಾಗುವ ಭಯ ನನಗೆ ಹೆಚ್ಚು. ಚೇಂಜ್ ಗಿಯರ್ ಆಗಿದ್ದರೆ ನಾನೂ ಬ್ರೇಜಿಂಗ್ ಎನ್ನುತ್ತಿದ್ದೆ.

ಸ್ಟಡ್‌ಗಳ ವಿಷಯವನ್ನು ಲೆಕ್ಕ ಹಾಕಿಯೇ ನೋಡೋಣ. 0.75 ಕಿಲೋವ್ಯಾಟ್ ಶಕ್ತಿ ನಷ್ಟವಿಲ್ಲದೆ 40 ಸುತ್ತಿನ ವೇಗದಲ್ಲಿ ಸ್ಪಿಂಡಲ್ ತಲುಪಿದರೆ ತಿರುಚು ಬಲ ಸುಮಾರು 179 ನ್ಯೂಟನ್ ಮೀಟರ್ ಆಗುತ್ತದೆ. ಗಿಯರ್‌ನ ಪಿಚ್ ತ್ರಿಜ್ಯ 76.2 ಮಿ.ಮೀ. ಆದ್ದರಿಂದ ಹಲ್ಲಿನ ಮೇಲಿನ ಬಲ ಸುಮಾರು 2350 ನ್ಯೂಟನ್, ಅಂದರೆ 240 ಕಿಲೋ ಭಾರದಷ್ಟು. ಹಲ್ಲಿನ ಎತ್ತರ 5.5 ಮಿ.ಮೀ.ಗೆ ಹತ್ತಿರ. ಬುಡದಲ್ಲಿ 5 ಮಿ.ಮೀ. ದಪ್ಪ, 25 ಮಿ.ಮೀ. ಅಗಲವಿರುವ ಗಟ್ಟಿ ಹಲ್ಲಿಗೆ ಬಾಗುವಿಕೆಯನ್ನು ತಡೆಯುವ ಸೆಕ್ಷನ್ ಮಾಡ್ಯುಲಸ್ ಸುಮಾರು 104 ಘನ ಮಿ.ಮೀ. ಅದರ ಜಾಗದಲ್ಲಿ ಎಂ4 ಸ್ಟಡ್‌ಗಳನ್ನು ಸಾಲಾಗಿ ಐದು ಕೂರಿಸಿದರೆ, ಮರೆಯ ತಳದ ವ್ಯಾಸ 3.1 ಮಿ.ಮೀ. ಮಾತ್ರ ಲೆಕ್ಕಕ್ಕೆ ಬರುವುದರಿಂದ ಐದೂ ಸೇರಿ 15 ಘನ ಮಿ.ಮೀ. ಕೂಡ ಆಗುವುದಿಲ್ಲ. ಅಂದರೆ ಮೂಲ ಹಲ್ಲಿನ ಏಳನೇ ಒಂದು ಭಾಗ. ಉಕ್ಕು ಎರಕದ ಕಬ್ಬಿಣಕ್ಕಿಂತ ಗಟ್ಟಿ ಎಂಬುದು ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ, ಪೂರ್ತಿ ತುಂಬುವುದಿಲ್ಲ. ಹೆಚ್ಚು ಕರ್ಷಕ ಬಲದ 12.9 ದರ್ಜೆಯ ಸ್ಕ್ರೂಗಳನ್ನು ಹಾಕಿದರೆ ಬಲ ಸಾಕಾಗಬಹುದು, ಆದರೆ ಅವುಗಳ ಮೇಲೆ ಅರ ಓಡುವುದೇ ಕಷ್ಟ, ಮತ್ತು ಸಂದುಗಳನ್ನು ತುಂಬಲು ಬ್ರೇಜಿಂಗ್ ಮಾಡಿದರೆ ಅವುಗಳ ಹದವೇ ಹೋಗುತ್ತದೆ. ಹಗುರ ಹೊರೆಯ ಗಿಯರ್‌ಗೆ ಸ್ಟಡ್ ವಿಧಾನ ಧಾರಾಳವಾಗಿ ಸಾಕು. ಬುಲ್ ಗಿಯರ್‌ಗೆ ನಾನು ಅದನ್ನು ಸೂಚಿಸುವುದಿಲ್ಲ. ಲೋಹದ ಪುಡಿ ಬೆರೆಸಿದ ಎಪಾಕ್ಸಿಯಿಂದ ಹಲ್ಲು ಕಟ್ಟುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅದನ್ನು ಪರಿಗಣಿಸಲೇಬೇಡಿ.

ಈ ಗಿಯರ್‌ಗೆ ನನ್ನ ಆಯ್ಕೆ, ಮುರಿದ ಜಾಗದಲ್ಲಿ ಡವ್‌ಟೇಲ್ ಕಚ್ಚು (ಬಾಯಿಗಿಂತ ತಳ ಅಗಲವಿರುವ ಕಚ್ಚು) ತೆಗೆದು ಉಕ್ಕಿನ ತುಂಡು ಕೂರಿಸಿ ಅದರಲ್ಲಿ ಹಲ್ಲು ಕತ್ತರಿಸುವುದು. ಬೆಂಕಿಯ ಹಂಗೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸ್ಪಿಂಡಲ್ ಬಿಚ್ಚಿ ಗಿಯರನ್ನು ಹೊರತೆಗೆದಿದ್ದೇನೆ. ಬೇರಿಂಗ್‌ಗಳ ಕೆಳಗಿದ್ದ ಶಿಮ್‌ಗಳನ್ನು (ತೆಳು ತಗಡುಗಳನ್ನು) ಯಾವುದು ಯಾವ ಬದಿಯದೆಂದು ಗುರುತು ಹಾಕಿ ಎತ್ತಿಟ್ಟಿದ್ದೇನೆ. 5 ಮತ್ತು 6 ಹಲ್ಲುಗಳ ಅಳತೆಗಳ ವ್ಯತ್ಯಾಸವನ್ನು ಬೇರೆ ಬೇರೆ ಕಡೆ ನೋಡಿದಾಗ 7.70ರಿಂದ 7.74ರ ನಡುವೆ ಬಂದಿದೆ, ಆದ್ದರಿಂದ 14.5 ಡಿಗ್ರಿ ಎಂದು ತೀರ್ಮಾನಿಸಿದ್ದೇನೆ. ಅರದ ಪುಡಿ ಕಪ್ಪಗಿದೆ, ಎರಕದ ಕಬ್ಬಿಣವೇ. ಸೀಮೆಎಣ್ಣೆಯ ಪರೀಕ್ಷೆಯಲ್ಲಿ ಬೇರೆಲ್ಲೂ ಬಿರುಕು ಕಾಣಲಿಲ್ಲ. ಡವ್‌ಟೇಲ್ ವಿಧಾನ ನನಗೆ ಒಪ್ಪಿಗೆಯಾಗಿದೆ. ಮಿಲ್ಲಿಂಗ್ ಯಂತ್ರವೂ ಡಿವೈಡಿಂಗ್ ಹೆಡ್ಡೂ (ಒಂದು ಸುತ್ತನ್ನು ಸಮಭಾಗ ಮಾಡುವ ಸಾಧನ) ಇಲ್ಲದೆ ಅದನ್ನು ಮಾಡಲು ಸಾಧ್ಯವೇ? ತುಂಡನ್ನು ಕೂರಿಸಿದ ಮೇಲೆ ಹಲ್ಲು ಸರಿಯಾದ ಸ್ಥಾನದಲ್ಲೇ ಬರುವಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ 3ರವರಿಂದ ಮತ್ತೆ

ಖಂಡಿತ ಸಾಧ್ಯ. ಡಿವೈಡಿಂಗ್ ಹೆಡ್ ನಿಮ್ಮ ಕೈಯಲ್ಲೇ ಇದೆ: 59 ಒಳ್ಳೆಯ ಹಲ್ಲುಗಳಿರುವ ಗಿಯರ್ ತನಗೆ ತಾನೇ ಡಿವೈಡಿಂಗ್ ಪ್ಲೇಟ್. ಹಾಗೆಯೇ ಕಟರ್‌ನ ಆಕಾರಕ್ಕೂ ಪುಸ್ತಕ ನೋಡಬೇಕಿಲ್ಲ, ಒಳ್ಳೆಯ ಎರಡು ಹಲ್ಲುಗಳ ನಡುವಿನ ಸಂದೇ ಅಚ್ಚು.

ಮೊದಲು ಕಚ್ಚಿನ ವಿಷಯ. ಡವ್‌ಟೇಲ್ ಎಂದ ಕೂಡಲೇ 60 ಡಿಗ್ರಿಯ ಕಟರ್ ನೆನಪಾಗುತ್ತದೆ, ಆದರೆ ಇಲ್ಲಿ ಅಷ್ಟು ಓರೆ ಕೊಟ್ಟರೆ ಕಚ್ಚಿನ ಮೂಲೆಗಳು ಪಕ್ಕದ ಹಲ್ಲುಗಳ ಬುಡದಡಿಗೆ ನುಗ್ಗಿ ಅವುಗಳನ್ನೇ ದುರ್ಬಲಗೊಳಿಸುತ್ತವೆ. ಬಾಯಿ 7 ಮಿ.ಮೀ., ಆಳ 6 ಮಿ.ಮೀ., ತಳ ಸುಮಾರು 9 ಮಿ.ಮೀ. ಸಾಕು, ಅಂದರೆ ಪಕ್ಕದ ಗೋಡೆಗಳು ನೆಟ್ಟಗಿನಿಂದ ಹತ್ತು ಡಿಗ್ರಿಯಷ್ಟು ಮಾತ್ರ ಒಳಕ್ಕೆ ವಾಲಿರಲಿ. ನಿಮ್ಮ ಅಂಚು 14 ಮಿ.ಮೀ. ದಪ್ಪವಿರುವುದರಿಂದ ಕಚ್ಚಿನ ಕೆಳಗೆ ಅರ್ಧಕ್ಕಿಂತ ಹೆಚ್ಚು ಲೋಹ ಉಳಿಯುತ್ತದೆ. ಗಿಯರ್‌ನ ಎರಡೂ ಮುಖಗಳ ಮೇಲೆ ಗೆರೆ ಹಾಕಿಕೊಂಡು, ಹ್ಯಾಕ್‌ಸಾ ಬ್ಲೇಡಿನಿಂದ ಒತ್ತೊತ್ತಾಗಿ ಸೀಳುಗಳನ್ನು ಕೊಯ್ದು, ನಡುವಿನ ಲೋಹವನ್ನು ತೆಗೆದು, ಅರದಿಂದ ಮುಗಿಸಿ. ಓರೆ ಗೋಡೆಗೆ ಮುಕ್ಕೋನದ ಸಣ್ಣ ಅರ ತಕ್ಕದ್ದು; ಅದರ ಮೂಲೆ 60 ಡಿಗ್ರಿಯದಾದ್ದರಿಂದ ಕಚ್ಚಿನ 80 ಡಿಗ್ರಿ ಮೂಲೆಯೊಳಗೆ ಸಲೀಸಾಗಿ ಇಳಿಯುತ್ತದೆ. ಅದರ ಒಂದು ಮುಖವನ್ನು ಗ್ರೈಂಡರ್‌ನಲ್ಲಿ ಉಜ್ಜಿ ನುಣುಪು ಮಾಡಿಕೊಂಡರೆ, ಗೋಡೆ ಉಜ್ಜುವಾಗ ತಳ ಕೆಡುವುದಿಲ್ಲ.

ತುಂಡನ್ನು ಮೆದು ಉಕ್ಕಿನಲ್ಲಿ ಮಾಡಿ, ಮೇಲ್ಗಡೆ ಗಿಯರ್‌ನ ಹೊರ ವ್ಯಾಸಕ್ಕಿಂತ ಒಂದು ಮಿ.ಮೀ. ಹೆಚ್ಚೇ ಇರಲಿ. ಮಾರ್ಕಿಂಗ್ ಬ್ಲೂ (ತಾಗುವ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ ಪಕ್ಕದಿಂದ ತಳ್ಳಿ ನೋಡುತ್ತ, ತಾಗುವ ಜಾಗವನ್ನಷ್ಟೇ ಉಜ್ಜುತ್ತ ಹೋಗಿ. ಚಿಕ್ಕ ಸುತ್ತಿಗೆಯ ಮೆಲುಪೆಟ್ಟಿಗೆ ಒಳಗೆ ಸರಿಯುವಷ್ಟು ಬಿಗಿ ಸಾಕು. ಅದಕ್ಕಿಂತ ಬಿಗಿಯಾದರೆ ತುಂಡು ಬೆಣೆಯಾಗಿ ಎರಕದ ಕಬ್ಬಿಣವನ್ನೇ ಸೀಳುತ್ತದೆ. ಇಲ್ಲಿ ಬಲವಂತಕ್ಕೆ ಎಡೆಯೇ ಇಲ್ಲ. ಕೂರಿಸುವಾಗ ಲಾಕಿಂಗ್ ಅಂಟು ಹಚ್ಚಿ. ಬಳಿಕ ಗಿಯರ್‌ನ ಎರಡೂ ಮುಖಗಳಲ್ಲಿ, ತುಂಡೂ ಗಿಯರೂ ಸೇರುವ ಗೆರೆಯ ಮೇಲೆ, ಅರ್ಧ ಉಕ್ಕಿನಲ್ಲಿ ಅರ್ಧ ಕಬ್ಬಿಣದಲ್ಲಿ ಬರುವಂತೆ ಒಂದೊಂದು ತೂತು ಕೊರೆದು ಎಂ4 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಹಾಕಿದರೆ ತುಂಡು ಪಕ್ಕಕ್ಕೆ ಜಾರುವುದಿಲ್ಲ. ಡ್ರಿಲ್ ಸಾಮಾನ್ಯವಾಗಿ ಸುಲಭವಾಗಿ ಕತ್ತರಿಸಿಕೊಳ್ಳುವ ಲೋಹದ ಕಡೆಗೆ ವಾಲುತ್ತದೆ. ಆದ್ದರಿಂದ ಸೆಂಟರ್ ಡ್ರಿಲ್‌ನಿಂದ ಶುರು ಮಾಡಿ, ಗಿಡ್ಡನೆಯ ಡ್ರಿಲ್ಲನ್ನೇ ಬಳಸಿ.

ಹಲ್ಲು ಕತ್ತರಿಸಲು ಲೇತನ್ನೇ ಶೇಪರ್ (ಟೂಲ್ ನೇರವಾಗಿ ಆಚೀಚೆ ಓಡಿ ಕತ್ತರಿಸುವ ಯಂತ್ರ) ಮಾಡಿಕೊಳ್ಳಬಹುದು. ಬುಲ್ ಗಿಯರ್ ಇಲ್ಲದೆಯೇ ಸ್ಪಿಂಡಲನ್ನು ಅದರ ಬೇರಿಂಗ್‌ಗಳಲ್ಲಿ ಮತ್ತೆ ಕೂರಿಸಿ. ಈ ಕೆಲಸದಲ್ಲಿ ಅದು ತಿರುಗಬೇಕಿಲ್ಲ, ಸೆಂಟರ್ ಹಿಡಿದರೆ ಸಾಕು. ಗಿಯರನ್ನು ಮ್ಯಾಂಡ್ರಲ್ (ಒಂದು ತುದಿಗೆ ತುಸು ದಪ್ಪವಾಗುವ ದಂಡ) ಮೇಲೆ ಹತ್ತಿಸಿ ಎರಡು ಸೆಂಟರ್‌ಗಳ ನಡುವೆ ಹಿಡಿಯಿರಿ, ಮ್ಯಾಂಡ್ರಲ್‌ನ ದಪ್ಪ ತುದಿ ಹೆಡ್‌ಸ್ಟಾಕ್ ಕಡೆಗಿರಲಿ. ಆಗ ಟೂಲ್ ತಳ್ಳಿದಷ್ಟೂ ಗಿಯರ್ ಬಿಗಿಯಾಗುತ್ತದೆ. ಬೆಡ್‌ಗೆ ಬೋಲ್ಟ್ ಮಾಡಿದ ಒಂದು ಬ್ರಾಕೆಟ್‌ನಿಂದ, ಮುರಿದ ಜಾಗಕ್ಕೆ ದೂರದಲ್ಲಿರುವ ಒಳ್ಳೆಯ ಸಂದೊಂದಕ್ಕೆ ವಿ ಆಕಾರದ ತುದಿಯ ತಡೆ ಕೊಡಿ. ಅದು ಸಂದಿನ ತಳ ಮುಟ್ಟದೆ ಎರಡೂ ಹಲ್ಲುಗಳ ಮೈಗೆ ತಾಗಿ ನಿಲ್ಲಬೇಕು.

ಹೈಸ್ಪೀಡ್ ಸ್ಟೀಲ್ ಟೂಲ್ ಒಂದನ್ನು ಒಳ್ಳೆಯ ಸಂದಿನ ಆಕಾರಕ್ಕೆ ಉಜ್ಜಿ. ಸಂದಿನಲ್ಲಿ ಟೂಲ್ ಇಟ್ಟು ಹಿಂದಿನಿಂದ ದೀಪ ಹಿಡಿದಾಗ ಎರಡೂ ಬದಿಯಲ್ಲಿ ಬೆಳಕು ಕಾಣದಂತಾಗುವವರೆಗೆ ತಾಳ್ಮೆಯಿಂದ ಉಜ್ಜಬೇಕು. ಇಡೀ ಕೆಲಸದ ಗುಣ ನಿಂತಿರುವುದು ಇದೊಂದರ ಮೇಲೆ. ಕತ್ತರಿಸುವ ಮುಖ ಹೆಡ್‌ಸ್ಟಾಕ್ ಕಡೆಗಿರುವಂತೆ ಟೂಲ್ ಪೋಸ್ಟ್‌ನಲ್ಲಿ ಸೆಂಟರ್ ಎತ್ತರಕ್ಕೆ ಕಟ್ಟಿ, ಒಂದು ಒಳ್ಳೆಯ ಸಂದನ್ನು ಟೂಲ್‌ನ ಎದುರಿಗೆ ತಂದು, ತಳಕ್ಕೆ ತಾಗುವವರೆಗೆ ಕ್ರಾಸ್ ಸ್ಲೈಡ್ ಒಳಕ್ಕೆ ತಿರುಗಿಸಿ ಡಯಲ್ ಸೊನ್ನೆ ಮಾಡಿಕೊಳ್ಳಿ. ಆ ಸ್ಥಿತಿಯಲ್ಲೇ ತಡೆಯನ್ನು ಬಿಗಿಗೊಳಿಸಿ. ಇನ್ನು ಟೂಲ್ ಹಿಂದೆ ತೆಗೆದು, ಗಿಯರನ್ನು ಹಲ್ಲು ಹಲ್ಲಾಗಿ ತಿರುಗಿಸಿ ತುಂಡಿನ ಒಂದು ಬದಿಯ ಸಂದು ಎದುರಿಗೆ ಬಂದಾಗ ತಡೆ ಹಾಕಿ, ಕ್ಯಾರೇಜನ್ನು ಕೈಚಕ್ರದಿಂದ ಆಚೀಚೆ ಓಡಿಸುತ್ತ ಒಂದು ಸಲಕ್ಕೆ 0.05 ಮಿ.ಮೀ.ನಂತೆ ಸೊನ್ನೆಯವರೆಗೆ ಇಳಿಸಿ. ಪ್ರತಿ ಸಲ ವಾಪಸು ತರುವಾಗ ಟೂಲನ್ನು ಹೊರಗೆಳೆದು ತನ್ನಿ. ನಂತರ ತುಂಡಿನ ಇನ್ನೊಂದು ಬದಿಯ ಸಂದಿಗೂ ಹೀಗೆಯೇ. ಎರಡು ಸಂದುಗಳು ಮುಗಿದಾಗ ನಡುವೆ ಹಲ್ಲು ನಿಂತಿರುತ್ತದೆ. ಮೊದಲೇ ಅರದಿಂದ ಹೆಚ್ಚಿನ ಲೋಹ ತೆಗೆದು ಬದಿಗೆ 0.3 ಮಿ.ಮೀ. ಮಾತ್ರ ಉಳಿಸಿಕೊಂಡರೆ ಕೈಗೂ ರ್‍ಯಾಕ್‌ಗೂ ಹೊರೆ ಕಡಿಮೆ. ಹೆಚ್ಚುವರಿ ಎತ್ತರವನ್ನು ಕೊನೆಯಲ್ಲಿ ಹೊರ ವ್ಯಾಸಕ್ಕೆ ಸರಿಯಾಗಿ ಅರದಿಂದ ಇಳಿಸಬಹುದು.

ಉತ್ತರ 4

ಮುಂದೆ ಎಂದಾದರೂ ಪೂರ್ತಿ ಹೊಸ ಗಿಯರ್ ಮಾಡಿಸಬೇಕಾದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. 60 ಹಲ್ಲುಗಳಿಗೆ ಡಯಾಮೆಟ್ರಲ್ ಪಿಚ್ (ಡಿಪಿ) ಸೆಟ್‌ನ 2ನೇ ನಂಬರಿನ ಕಟರ್ ಬೇಕು, ಅದು 55ರಿಂದ 134 ಹಲ್ಲುಗಳವರೆಗೆ ಸಲ್ಲುತ್ತದೆ. ಮಾಡ್ಯೂಲ್ ಸೆಟ್‌ಗಳಲ್ಲಿ ನಂಬರುಗಳ ಕ್ರಮ ಸಾಮಾನ್ಯವಾಗಿ ತಿರುಗುಮುರುಗು, ಅಲ್ಲಿ ಇದೇ ಕಟರ್ 7ನೆಯದು. ಆದ್ದರಿಂದ ನಂಬರಿನ ಜೊತೆಗೆ ಡಿಪಿ 10, 14.5 ಡಿಗ್ರಿ, ಹಲ್ಲುಗಳ ವ್ಯಾಪ್ತಿ ಮೂರನ್ನೂ ಹೇಳಿ. ಕತ್ತರಿಸುವ ಆಳ 5.48 ಮಿ.ಮೀ.

ಈಗಿನ ದುರಸ್ತಿಗೆ ಸಂಬಂಧಿಸಿದಂತೆ ಒಂದು ಮಾತು ಉಳಿದಿದೆ. ಪಿನಿಯನ್‌ಗೆ 20 ಹಲ್ಲು, ಬುಲ್ ಗಿಯರ್‌ಗೆ 60 ಹಲ್ಲು ಇರುವುದರಿಂದ, ಒಮ್ಮೆ ಕೂಡಿಸಿದ ಮೇಲೆ ಬಿಡಿಸುವವರೆಗೂ ಹೊಸ ಹಲ್ಲಿಗೆ ಎದುರಾಗುವುದು ಪಿನಿಯನ್‌ನ ಒಂದೇ ಹಲ್ಲು. ಹಲ್ಲಿಲ್ಲದ ಜಾಗದ ಆಚೆಗಿನ ಹೊಡೆತವೂ ಇಷ್ಟು ದಿನ ಹೀಗೆಯೇ ಆಯ್ದ ಹಲ್ಲುಗಳ ಮೇಲೆ ಮತ್ತೆ ಮತ್ತೆ ಬಿದ್ದಿದೆ. ಬಿಡಿಸಿ ಕೂಡಿಸಿದಾಗಲೆಲ್ಲ ಜೋಡಿ ಬದಲಾಗಿರುವುದರಿಂದ ಪಿನಿಯನ್‌ನ ಇಪ್ಪತ್ತು ಹಲ್ಲುಗಳನ್ನೂ ನೋಡಿ, ತುದಿಯಲ್ಲಿ ಎದ್ದಿರುವ ಮುಳ್ಳುಗಳನ್ನು ಎಣ್ಣೆಕಲ್ಲಿನಿಂದ ತೆಗೆಯಿರಿ. ಇಲ್ಲವಾದರೆ ಅವು ಹೊಸ ಹಲ್ಲಿನ ಮೈಯನ್ನು ಗೀರುತ್ತವೆ. ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೆ, ಹೊಸ ಹಲ್ಲಿಗೆ ಎದುರಾಗುವ ಪಿನಿಯನ್ ಹಲ್ಲಿಗೆ ತೆಳುವಾಗಿ ಬ್ಲೂ ಹಚ್ಚಿ ಬೆಲ್ಟ್ ಕೈಯಿಂದ ಎಳೆದು ಒಂದೆರಡು ಸುತ್ತು ತಿರುಗಿಸಿ. ಬಣ್ಣ ಹಲ್ಲಿನ ಎತ್ತರದ ನಡುಭಾಗದಲ್ಲಿ, ಅಗಲದ ಉದ್ದಕ್ಕೂ ಹಿಡಿದಿದ್ದರೆ ಸರಿ. ತುದಿಯಲ್ಲಿ ಮಾತ್ರವೋ ಒಂದು ಬದಿಯಲ್ಲಿ ಮಾತ್ರವೋ ಹಿಡಿದಿದ್ದರೆ ಆ ಜಾಗವನ್ನು ನುಣುಪು ಅರದಿಂದ ಒಂದೆರಡು ಎಳೆತ ಇಳಿಸಿ ಮತ್ತೆ ನೋಡಿ.

ಬ್ಯಾಕ್ ಗಿಯರ್ ದಂಡದ ಎಕ್ಸೆಂಟ್ರಿಕ್ ಮುಂದಕ್ಕೆ ಎಷ್ಟು ಬರುತ್ತದೆ ಎಂಬುದನ್ನೂ ಈಗಲೇ ಸರಿಮಾಡಿಕೊಳ್ಳಿ. ಹಲ್ಲುಗಳ ನಡುವೆ ಒಂದು ಸಾಧಾರಣ ಬರೆಯುವ ಕಾಗದದ ಪಟ್ಟಿ ಕೊಟ್ಟು ಕೂಡಿಸಿ, ಕಾಗದ ಹರಿಯದೆ ಮಡಿಕೆ ಮಾತ್ರ ಬಿದ್ದು ಹೊರಬರುವಷ್ಟರಲ್ಲಿ ನಿಲ್ಲುವಂತೆ ಸ್ಟಾಪ್ ಬಿಗಿದರೆ 0.1 ಮಿ.ಮೀ. ಸುಮಾರಿನ ಸಡಿಲ ಸಿಗುತ್ತದೆ. ಹೊಸ ಹಲ್ಲಿನ ಜಾಗದಲ್ಲೂ ಅದರ ಎದುರು ಬದಿಯಲ್ಲೂ ಹೀಗೆ ಪರೀಕ್ಷಿಸಿ. ಮೊದಲ ಕೆಲವು ಗಂಟೆ ಎಣ್ಣೆ ಧಾರಾಳವಾಗಿ ಹಾಕಿ ಹಗುರ ಕಟ್‌ಗಳನ್ನಷ್ಟೇ ತೆಗೆದುಕೊಂಡು, ಬಳಿಕ ಯಂತ್ರ ನಿಲ್ಲಿಸಿ ಗ್ರಬ್ ಸ್ಕ್ರೂಗಳು ಅಲುಗಿಲ್ಲವೆಂದೂ ತುಂಡಿನ ಸಂದುಗೆರೆಯಲ್ಲಿ ಎಣ್ಣೆ ಒಸರುತ್ತಿಲ್ಲವೆಂದೂ ನೋಡಿಕೊಂಡ ಮೇಲೆ ಪೂರ್ಣ ಹೊರೆ ಕೊಡಿ.